ಆಟೋಮ್ಯಾಟಿಕ್ ಕಾರು: ಸಿಗ್ನಲ್‌ನಲ್ಲಿ ನಡುಕ, ಗೇರ್ ಬೀಳುವಾಗ ಜರ್ಕ್. ಗೇರ್‌ಬಾಕ್ಸ್ ಇಳಿಸಲೇಬೇಕಾ?

ಕ್ಯಾತ್ಸಂದ್ರದವನು · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ತಲೆ ಕೆಟ್ಟುಹೋಗಿದೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನದು 2013ರ ಪೆಟ್ರೋಲ್ ಸೆಡಾನ್. ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ 5 ಸ್ಪೀಡ್ ಆಟೋಮ್ಯಾಟಿಕ್. 94,000 ಕಿಮೀ ಓಡಿದೆ. ನಾನು ಎರಡನೇ ಮಾಲೀಕ, ತಗೊಂಡು ನಾಲ್ಕು ವರ್ಷ ಆಯ್ತು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಮುಳ್ಳು 1,200ರಲ್ಲಿ ನಿಲ್ಲುತ್ತದೆ. ಇಂಜಿನ್ ತಣ್ಣಗಿರುವಾಗ ಅಷ್ಟು ಸರಿ. ಆದರೆ ಬಿಸಿಯಾದ ಮೇಲೂ ಒಂದು ಕಡೆ ನಿಲ್ಲಲ್ಲ. 550ಕ್ಕೆ ಇಳಿಯುತ್ತದೆ, 950ಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ, ಏದುಸಿರು ಬಿಟ್ಟ ಹಾಗೆ. ಟೌನ್ ಹಾಲ್ ಸರ್ಕಲ್ ಸಿಗ್ನಲ್‌ನಲ್ಲಿ ಡಿಯಲ್ಲಿ (ಡ್ರೈವ್) ಬ್ರೇಕ್ ಒತ್ತಿ ನಿಂತರೆ ಸ್ಟೇರಿಂಗು, ಸೀಟು, ಕನ್ನಡಿ ಎಲ್ಲ ನಡುಗುತ್ತದೆ. ಎನ್‌ಗೆ (ನ್ಯೂಟ್ರಲ್) ಹಾಕಿದರೆ ಮುಕ್ಕಾಲು ಭಾಗ ಕಡಿಮೆ. ಎಸಿ ಹಾಕಿದರೆ ಜಾಸ್ತಿ.

ಪಿಯಿಂದ (ಪಾರ್ಕ್) ಆರ್‌ಗೆ (ರಿವರ್ಸ್) ಹಾಕಿದರೆ ಧಡ್ ಅಂತ ಸದ್ದು, ಯಾರೋ ಹಿಂದಿನಿಂದ ಕಾಲಲ್ಲಿ ಒದ್ದ ಹಾಗೆ. 1ರಿಂದ 2ಕ್ಕೆ ಹೋಗುವಾಗ ಒಂದು ಜರ್ಕ್. ಹಿಂದಿನ ಸೀಟಿನಲ್ಲಿ ಕೂತ ಅಮ್ಮನಿಗೆ ಕತ್ತು ನೋವು ಬಂದು, ಈಗ ಮಾರ್ಕೆಟ್‌ಗೆ ಆಟೋದಲ್ಲೇ ಹೋಗುತ್ತೇನೆ ಅಂತಾರೆ. ವಿಚಿತ್ರ ಏನಂದರೆ ಹೈವೇಯಲ್ಲಿ 80ರಲ್ಲಿ ಏನೂ ತೊಂದರೆ ಇಲ್ಲ. ನೆಲಮಂಗಲದವರೆಗೆ ಬೆಣ್ಣೆ ತರ ಹೋಗುತ್ತದೆ.

ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಒಂದು ವರ್ಕ್‌ಶಾಪ್‌ಗೆ ತೋರಿಸಿದೆ. ಹತ್ತು ನಿಮಿಷ ಓಡಿಸಿಕೊಂಡು ಬಂದು "ಗೇರ್‌ಬಾಕ್ಸ್ ಹೋಗಿದೆ ಸರ್, ಇಳಿಸಬೇಕು, 1,40,000 ಆಗುತ್ತೆ" ಅಂದರು. ಬಾನೆಟ್ ಕೂಡ ಎತ್ತಿ ನೋಡಲಿಲ್ಲ. ಕಾರು ಮಾರಿದರೆ ಮೂರು ಲಕ್ಷ ಬಂದರೆ ಹೆಚ್ಚು. ಏನು ಮಾಡಲಿ?

ಗುಬ್ಬಿ ಗೇಟ್ · ಭಾನುವಾರ ಬೆಳಿಗ್ಗೆ

ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಕೊಡಬೇಡಿ. ಗೇರ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ? ಪ್ಲಗ್? ಬ್ಯಾಟರಿ ಎಷ್ಟು ವರ್ಷದ್ದು?

ಕ್ಯಾತ್ಸಂದ್ರದವನು · ಭಾನುವಾರ ಮಧ್ಯಾಹ್ನ

ಒಂದು ರೂಪಾಯಿನೂ ಕೊಟ್ಟಿಲ್ಲ ಸರ್. ಪ್ಲಗ್ 60,000ದಲ್ಲಿ ಬದಲಾಯಿಸಿದೆ. ಬ್ಯಾಟರಿಗೆ ಎರಡು ವರ್ಷ. ಗೇರ್ ಆಯಿಲ್ ಒಂದು ಸಲವೂ ಬದಲಾಯಿಸಿಲ್ಲ. ಅದು ಲೈಫ್‌ಟೈಮ್ ಆಯಿಲ್, ಮುಟ್ಟಲೇಬಾರದು ಅಂತ ಹಳೇ ಮಾಲೀಕರು ಹೇಳಿದ್ದರು.

ಕೋಲಾರದ ಮೇಸ್ತ್ರಿ · ಭಾನುವಾರ ರಾತ್ರಿ

ನಾನು ಕೋಲಾರದಲ್ಲಿ 22 ವರ್ಷದಿಂದ ಗ್ಯಾರೇಜ್ ಕೆಲಸ ಮಾಡುತ್ತಿದ್ದೇನೆ, ಅದರಲ್ಲಿ ಹತ್ತು ವರ್ಷ ಆಟೋಮ್ಯಾಟಿಕ್ ಜಾಸ್ತಿ. ನಿಮ್ಮ ಮಾತಿನಲ್ಲೇ ಅರ್ಧ ಉತ್ತರ ಇದೆ ಸರ್. ಹೈವೇಯಲ್ಲಿ ಚೆನ್ನಾಗಿದೆ, ನಿಂತಾಗ ಕೆಟ್ಟದಾಗಿದೆ ಅಂದಿರಿ. ಕ್ಲಚ್ ಪ್ಲೇಟು ಸುಟ್ಟುಹೋದ ಗೇರ್‌ಬಾಕ್ಸ್ 80ರಲ್ಲಿ ಬೆಣ್ಣೆ ತರ ಹೋಗಲ್ಲ. ಎಕ್ಸಲರೇಟರ್ ಒತ್ತಿದಾಗ ಆರ್‌ಪಿಎಂ ಏರುತ್ತದೆ, ಗಾಡಿ ಎಳೆಯಲ್ಲ. ನಿಮ್ಮದರಲ್ಲಿ ಹಾಗಿದೆಯಾ? ಇಲ್ಲ ಅಲ್ವಾ.

ಒಂದು ವಿಷಯ ತಿಳಿದುಕೊಳ್ಳಿ. ಇಂಜಿನ್ ಬಲ ನೋಡಲು ಗೇರ್‌ಬಾಕ್ಸ್‌ಗೆ ತನ್ನದೇ ಕಣ್ಣಿಲ್ಲ. ಇಂಜಿನ್ ಈಗ ಎಷ್ಟು ಬಲ ಕೊಡುತ್ತಿದೆ ಅನ್ನುವುದನ್ನು ಇಂಜಿನ್ನಿನ ಕಂಪ್ಯೂಟರ್ ಹೇಳುತ್ತದೆ. ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಎಷ್ಟು ತೆರೆದಿದೆ, ಗಾಳಿ ಎಷ್ಟು ಒಳಗೆ ಬಂತು, ಆರ್‌ಪಿಎಂ ಎಷ್ಟು, ಇವಿಷ್ಟರ ಲೆಕ್ಕ ಅದು. ಆ ಲೆಕ್ಕ ನೋಡಿ ಗೇರ್‌ಬಾಕ್ಸ್ ಆಯಿಲ್ ಪ್ರೆಶರ್ ಹೆಚ್ಚು ಕಡಿಮೆ ಮಾಡಿ ಕ್ಲಚ್ ಹಿಡಿಸುತ್ತದೆ. ಗೇರ್ ಬದಲಾಗುವ ಆ ಅರ್ಧ ಸೆಕೆಂಡ್ ಇಂಜಿನ್ ಬಲ ಸ್ವಲ್ಪ ತಗ್ಗಿಸು ಅಂತ ಕೇಳುತ್ತದೆ ಕೂಡ. ಇಂಜಿನ್ನಿನ ಲೆಕ್ಕವೇ ತಪ್ಪಿದ್ದರೆ ಪ್ರೆಶರ್ ತಪ್ಪುತ್ತದೆ, ಜರ್ಕ್ ಬರುತ್ತದೆ. ಐಡ್ಲಿಂಗ್, ಅಂದರೆ ಎಕ್ಸಲರೇಟರ್ ಒತ್ತದೆ ಇಂಜಿನ್ ತಿರುಗುವ ವೇಗ, 950 ಇರುವ ಕ್ಷಣದಲ್ಲೇ ಆರ್‌ಗೆ ಹಾಕಿದಿರೋ, ಧಡ್ ಅನ್ನಲೇಬೇಕು. ಅದಕ್ಕೇ ನಾನು ಯಾವಾಗಲೂ ಮೊದಲು ಐಡ್ಲಿಂಗ್ ಸರಿ ಮಾಡುತ್ತೇನೆ, ಆಮೇಲೆ ಗೇರ್ ಮಾತು. ತಿರುಗಾ ಮುರುಗಾ ಮಾಡಿದವರು ದುಡ್ಡು ಕಳೆದುಕೊಂಡಿದ್ದನ್ನು ಬಹಳ ನೋಡಿದ್ದೇನೆ, ಬೇಜಾರಾಗುತ್ತೆ.

ನಾಳೆ ಎರಡು ಕೆಲಸ ಮಾಡಿ. ಸ್ಕ್ಯಾನರ್ ಹಾಕಿಸಿ. ಕೋಡ್ ಮಾತ್ರ ನೋಡಿ ಬಿಡಬೇಡಿ, ಲೈವ್ ಡೇಟಾ ಬೇಕು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ; ಶಾರ್ಟ್ ಈ ಕ್ಷಣದ್ದು, ಲಾಂಗ್ ಕಲಿತಿಟ್ಟದ್ದು) ಎರಡೂ ಐಡ್ಲಿಂಗ್‌ನಲ್ಲಿ ಎಷ್ಟು, 2,500ರಲ್ಲಿ ಹಿಡಿದರೆ ಎಷ್ಟು ಅಂತ ಬರೆದುಕೊಳ್ಳಿ. ಇನ್ನೊಂದು, ಬಾನೆಟ್ ಎತ್ತಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡು ಎನ್‌ನಿಂದ ಡಿಗೆ, ಡಿಯಿಂದ ಆರ್‌ಗೆ ಹಾಕಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಇಂಜಿನ್ ಎಷ್ಟು ಹೊರಳುತ್ತದೆ ನೋಡಲಿ. ಪಕ್ಕದಲ್ಲಿ, ಗಾಡಿ ಮುಂದೆ ಯಾರೂ ನಿಲ್ಲಬಾರದು. ಹೊರಳುವುದು ಒಂದು ಬೆರಳಿನಷ್ಟು ಇದ್ದರೆ ಪರವಾಗಿಲ್ಲ. ಎದ್ದು ಕೂತರೆ ಮೌಂಟಿಂಗ್, ಅಂದರೆ ಇಂಜಿನ್ ಹಿಡಿದಿಡುವ ರಬ್ಬರ್ ಕಾಲು, ಹೋಗಿದೆ ಅಂತ.

ಸ್ಟಾಲ್ ಟೆಸ್ಟ್ ಅಂತ ವಿಡಿಯೋ ನೋಡಿ ಬ್ರೇಕು, ಎಕ್ಸಲರೇಟರ್ ಎರಡೂ ಪೂರ್ತಿ ಒತ್ತಬೇಡಿ. ಕೆಲವೇ ಸೆಕೆಂಡಿನಲ್ಲಿ ಕನ್ವರ್ಟರ್ ಒಳಗಿನ ಆಯಿಲ್ ಕಾದು ಸುಡುತ್ತದೆ. ಅದು ಅನುಭವ ಇದ್ದವರು ಮಾಡುವ ಕೆಲಸ.

ಶಿರಾ ರಸ್ತೆ · ಸೋಮವಾರ ಬೆಳಿಗ್ಗೆ

ಈಗ ಬರುತ್ತಿರುವ ಇ20 (ನೂರಕ್ಕೆ 20 ಎಥೆನಾಲ್ ಬೆರೆಸಿದ) ಪೆಟ್ರೋಲ್‌ನಿಂದ ಇರಬಹುದಾ? ನಮ್ಮ ಕಡೆ ಎಲ್ಲರೂ ಅದನ್ನೇ ಹೇಳುತ್ತಾರೆ.

ಕೋಲಾರದ ಮೇಸ್ತ್ರಿ · ಸೋಮವಾರ ಬೆಳಿಗ್ಗೆ

ಎಲ್ಲದಕ್ಕೂ ಅದನ್ನೇ ಹೇಳಿದರೆ ನಿಜವಾದ ತೊಂದರೆ ಹಾಗೇ ಉಳಿದುಬಿಡುತ್ತದೆ ಅಣ್ಣ. ಬರೀ ಪೆಟ್ರೋಲ್ 1 ಕೆಜಿ ಸುಡಲು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಹಾಕಬೇಕು, ಟ್ರಿಮ್ ಕೆಲವು ಪರ್ಸೆಂಟ್ ಮೇಲೆ ಹೋಗುತ್ತದೆ. ಆದರೆ ಅದು ಐಡ್ಲಿಂಗ್‌ನಲ್ಲೂ 2,500ರಲ್ಲೂ ಹೆಚ್ಚೂ ಕಡಿಮೆ ಒಂದೇ ಥರ ಇರುತ್ತದೆ. ಐಡ್ಲಿಂಗ್‌ನಲ್ಲಿ ಮಾತ್ರ ಜಾಸ್ತಿ ಇದ್ದರೆ ಅದು ಪೆಟ್ರೋಲ್ ಅಲ್ಲ, ಎಲ್ಲೋ ಕಳ್ಳಗಾಳಿ (ಅಳತೆಗೆ ಸಿಗದೆ ತೂತಿನಿಂದ ನುಗ್ಗುವ ಗಾಳಿ) ಎಳೆಯುತ್ತಿದೆ ಅಂತ. ಅದಕ್ಕೇ ಎರಡೂ ಕಡೆ ನೋಡಿ ಅಂದಿದ್ದು. ಹಳೇ ಗಾಡಿಯ ರಬ್ಬರ್ ಪೈಪುಗಳನ್ನು ಇ20 ಬಂದ ಮೇಲೆ ಜಾಸ್ತಿ ಗಮನಿಸಬೇಕು, ಅದು ಬೇರೆ ಮಾತು.

ಗುಬ್ಬಿ ಗೇಟ್ · ಸೋಮವಾರ ಮಧ್ಯಾಹ್ನ

ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆ ತೆಂಗಿನ ತೋಟದಲ್ಲಿ, ಕಾರು ನಿಲ್ಲಿಸುವುದು ರಾಗಿ ಹುಲ್ಲಿನ ಬಣವೆ ಪಕ್ಕ. ಹೋದ ವರ್ಷ ಒಂದು ದಿನ ಬೆಳಿಗ್ಗೆ ಗಾಡಿ 3ನೇ ಗೇರಿನಲ್ಲೇ ಹಿಡಿದುಕೊಂಡಿತು. ಎತ್ತಿನಗಾಡಿ ಥರ ಹೊರಡುತ್ತಿತ್ತು. ಸ್ಕ್ಯಾನ್ ಮಾಡಿದರೆ ಪಿ0720, ಔಟ್‌ಪುಟ್ ಸ್ಪೀಡ್ ಸೆನ್ಸರ್. ಸೆನ್ಸರ್ ಬದಲಾಯಿಸಿ ಅಂದರು ಒಬ್ಬರು, ಗೇರ್‌ಬಾಕ್ಸ್ ಅಂದರು ಇನ್ನೊಬ್ಬರು. ಕೊನೆಗೆ ಏರ್ ಫಿಲ್ಟರ್ ಡಬ್ಬ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರೆ ಗೇರ್‌ಬಾಕ್ಸ್ ಮೇಲೆ ಇಲಿ ಗೂಡು. ಒಂದು ಹಿಡಿ ಹುಲ್ಲು, ತೆಂಗಿನ ನಾರು, ಅರ್ಧ ತಿಂದ ಹುಣಸೆ ಬೀಜ. ಅದರ ಕೆಳಗೆ ಸೆನ್ಸರ್ ವೈರು ಕಡಿದು ತಾಮ್ರ ಹೊಳೆಯುತ್ತಿತ್ತು. ವೈರ್ ಬೆಸುಗೆ ಹಾಕಿಸಿ ಸ್ಲೀವ್ ಹಾಕಿದೆವು, 300 ರೂಪಾಯಿ. ಕೋಡ್ ಅಂದರೆ ಆ ಸಾಮಾನು ಕೆಟ್ಟಿದೆ ಅಂತಲ್ಲ, ಆ ದಾರಿಯಲ್ಲಿ ಎಲ್ಲೋ ತೊಂದರೆ ಇದೆ ಅಂತ ಅಷ್ಟೇ.

ಕ್ಯಾತ್ಸಂದ್ರದವನು · ಮಂಗಳವಾರ ರಾತ್ರಿ

ಮೇಸ್ತ್ರಿ, ನೀವು ಹೇಳಿದ ಹಾಗೇ ಮಾಡಿದೆ. ಅಂತರಸನಹಳ್ಳಿ ಕಡೆ ಒಬ್ಬರು ಸ್ಕ್ಯಾನರ್ ಇಟ್ಟುಕೊಂಡಿದ್ದಾರೆ, 900 ತಗೊಂಡರು.

ಲೈಟ್ ಬರದಿದ್ದರೂ ಪೆಂಡಿಂಗ್‌ನಲ್ಲಿ ಪಿ0171 (ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅನ್ನುವ ಕೋಡ್) ಇತ್ತು. ಗೇರ್‌ಬಾಕ್ಸ್ ಕಡೆ ಒಂದು ಕೋಡೂ ಇಲ್ಲ, ಪಿ0700 ಕೂಡ ಇಲ್ಲ. ಲಾಂಗ್ ಟರ್ಮ್ ಟ್ರಿಮ್ ಐಡ್ಲಿಂಗ್‌ನಲ್ಲಿ +18, 2,500ರಲ್ಲಿ +4. ಶಾರ್ಟ್ ಟರ್ಮ್ ಎರಡರಲ್ಲೂ ಸೊನ್ನೆಯ ಆಚೆ ಈಚೆ. ಇಂಜಿನ್ ಬಿಸಿ 88 ಡಿಗ್ರಿ. ಇಂಜಿನ್ ಆಫ್ ಇದ್ದಾಗ ಬ್ಯಾಟರಿ 12.6, ಓಡುವಾಗ 14.1.

ಇಂಜಿನ್ ಹೊರಳುವುದನ್ನು ನನ್ನ ತಮ್ಮ ಪಕ್ಕದಲ್ಲಿ ನಿಂತು ವಿಡಿಯೋ ಮಾಡಿದ. ಆರ್‌ಗೆ ಹಾಕಿದ ತಕ್ಷಣ ಇಂಜಿನ್ ನಾಲ್ಕು ಬೆರಳು ಎದ್ದು ಬಿತ್ತು. ಧಡ್ ಸದ್ದು ಸರಿಯಾಗಿ ಆ ಕ್ಷಣದಲ್ಲೇ. ಕೆಳಗೆ ಬಗ್ಗಿ ನೋಡಿದರೆ ಮುಂದಿನ ಮೌಂಟಿಂಗ್ ರಬ್ಬರ್ ಬಾಯಿ ಬಿಟ್ಟಿದೆ, ಅದರಿಂದ ಕಪ್ಪು ಎಣ್ಣೆ ಸೋರಿ ಕ್ರಾಸ್ ಮೆಂಬರ್ ಮೇಲೆ ಗೆರೆ ಗೆರೆಯಾಗಿ ಒಣಗಿದೆ. ಒಂದು ತಿಂಗಳಿಂದ ಗೇರ್‌ಬಾಕ್ಸ್ ಅಂತ ನಿದ್ದೆ ಇಲ್ಲದೆ ಮಲಗಿದ್ದೇನೆ.

ಕೋಲಾರದ ಮೇಸ್ತ್ರಿ · ಮಂಗಳವಾರ ರಾತ್ರಿ

ಸಿಕ್ಕಿತು ನೋಡಿ. ಆ ಮೌಂಟಿಂಗ್ ಒಳಗೆ ಎಣ್ಣೆ ತುಂಬಿರುತ್ತದೆ, ನಡುಕ ಕುಡಿಯುವುದು ಅದೇ. ಸೋರಿಹೋದರೆ ಇಂಜಿನ್ ಸೀದಾ ಬಾಡಿಗೆ ಬಡಿಯುತ್ತದೆ. ಡಿಯಲ್ಲಿ ನಡುಗಿ ಎನ್‌ನಲ್ಲಿ ಕಡಿಮೆ ಆಗುವುದಕ್ಕೆ ಅದೇ ದೊಡ್ಡ ಕಾರಣ. ಡಿಯಲ್ಲಿ ನಿಂತಾಗ ಕನ್ವರ್ಟರ್ ಇಂಜಿನ್ ಮೇಲೆ ಭಾರ ಹಾಕಿಯೇ ಇರುತ್ತದೆ.

+18 ಮತ್ತು +4. ಇದು ಕಳ್ಳಗಾಳಿಯ ಲಕ್ಷಣ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದರಲ್ಲಿ ಸಣ್ಣ ತೂತಿನ ಗಾಳಿ ದೊಡ್ಡ ಪಾಲಾಗುತ್ತದೆ. 2,500ರಲ್ಲಿ ಅದೇ ತೂತು ಲೆಕ್ಕಕ್ಕೇ ಬರಲ್ಲ. ನಿಮ್ಮ ಗಾಡಿಯಲ್ಲಿ ಗಾಳಿ ಅಳೆಯುವ ಮ್ಯಾಫ್ ಸೆನ್ಸರ್ ಇದೆ, ಅದಕ್ಕೇ ಟ್ರಿಮ್‌ನಲ್ಲಿ ಸಿಕ್ಕಿತು. ಬರೀ ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುವ ಗಾಡಿಯಾದರೆ ಇಷ್ಟು ಸ್ಪಷ್ಟವಾಗಿ ಕಾಣಲ್ಲ, ಅಲ್ಲಿ ಐಡ್ಲಿಂಗ್ ಸುಮ್ನೆ ಮೇಲೆ ನಿಂತುಬಿಡುತ್ತದೆ. ಓದುವ ಬೇರೆಯವರು ಇದನ್ನು ನೆನಪಿಡಿ.

ಪಿಸಿವಿ ಪೈಪ್ ನೋಡಿ, ಇಂಜಿನ್ ಒಳಗಿನ ಹಬೆಯನ್ನು ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ ಒಯ್ಯುವುದು. ಮೇಲಿಂದ ನೋಡಿದರೆ ಚೆನ್ನಾಗೇ ಕಾಣುತ್ತದೆ, ಕೈ ಹಾಕಿ ಹೊರಳಿಸಿ ಕೆಳಭಾಗ ನೋಡಬೇಕು. ಬ್ರೇಕ್ ಬೂಸ್ಟರ್ ಪೈಪ್ ಕೂಡ. ಪೆಟ್ರೋಲ್ ಚಿಮುಕಿಸಿ ನೋಡುವವರಿದ್ದಾರೆ, ದಯವಿಟ್ಟು ಬೇಡ, ಬೆಂಕಿ ಹಿಡಿಯುತ್ತದೆ. ಸಿಗರೇಟ್ ಹೊಗೆ ಬಿಡುವವರೂ ಇದ್ದಾರೆ. ಕಿವಿಗೆ ಒಂದು ಉದ್ದ ಪೈಪ್ ಇಟ್ಟುಕೊಂಡು ಇನ್ನೊಂದು ತುದಿಯನ್ನು ಅಲ್ಲಿ ಇಲ್ಲಿ ಹಿಡಿಯಿರಿ, ಸ್ಸ್ ಅನ್ನುವ ಸದ್ದು ಚೆನ್ನಾಗಿ ಕೇಳುತ್ತದೆ. ಫ್ಯಾನು, ಬೆಲ್ಟ್ ಹತ್ತಿರ ಮಾತ್ರ ಪೈಪ್ ಹೋಗದಂತೆ ನೋಡಿಕೊಳ್ಳಿ.

ಜೊತೆಗೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ. 94,000ಕ್ಕೆ ಮಸಿ ಕಟ್ಟಿಯೇ ಇರುತ್ತದೆ.

ನಂದಿ ರಸ್ತೆ · ಬುಧವಾರ ಬೆಳಿಗ್ಗೆ

ನಾನು ಚಿಕ್ಕಬಳ್ಳಾಪುರದಿಂದ. ಕೆಲಸಕ್ಕೆ ಹೋಗಿ ಬರಲು ಒಂದು ಸಣ್ಣ ಹ್ಯಾಚ್‌ಬ್ಯಾಕ್ ಇದೆ, ಎಎಂಟಿ, 41,000 ಕಿಮೀ. ಅದರಲ್ಲೂ 1ರಿಂದ 2ಕ್ಕೆ ತೂಗಿದ ಹಾಗೆ ಆಗುತ್ತದೆ. ಬೆಟ್ಟದ ರಸ್ತೆಯಲ್ಲಿ ಟ್ರಾಫಿಕ್ ನಿಂತಾಗ ಸುಟ್ಟ ವಾಸನೆ ಕೂಡ ಬಂತು. ನನಗೂ ಮೌಂಟಿಂಗೇ ನೋಡಿಸಬೇಕಾ ಮೇಸ್ತ್ರಿಯವರೇ?

ಕೋಲಾರದ ಮೇಸ್ತ್ರಿ · ಬುಧವಾರ ರಾತ್ರಿ

ಮೇಡಂ, ನಿಮ್ಮದು ಬೇರೆ ಜಾತಿಯ ಗಾಡಿ. ಎಎಂಟಿ ಅಂದರೆ ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ ಪ್ಲೇಟ್. ಕಾಲಿನ ಕೆಲಸ, ಕೈ ಕೆಲಸ ಮಾಡಲು ಒಂದು ಯಂತ್ರ ಕೂರಿಸಿರುತ್ತಾರೆ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದು ಎಲ್ಲ ಕಡೆ ಹರಡಿತು. ಮೈಲೇಜ್ ಚೆನ್ನಾಗಿ ಕೊಡುತ್ತದೆ, ರಿಪೇರಿಯೂ ದುಬಾರಿಯಲ್ಲ. ಆದರೆ ಗೇರ್ ಬದಲಾಗುವ ಕ್ಷಣ ಕ್ಲಚ್ ಬಿಡಲೇಬೇಕು, ಆಗ ಎಳೆತ ನಿಂತು ಮತ್ತೆ ಬರುತ್ತದೆ. ಆ ತೂಗಾಟ ಸ್ವಲ್ಪ ಇದ್ದೇ ಇರುತ್ತದೆ. 2ಕ್ಕೆ ಬೀಳುವ ಹೊತ್ತಿಗೆ ಎಕ್ಸಲರೇಟರ್ ಮೇಲಿನ ಕಾಲನ್ನು ಚೂರು ಸಡಿಲಿಸಿ, ಅರ್ಧಕ್ಕರ್ಧ ಹೋಗುತ್ತದೆ.

ವಾಸನೆ ಮಾತ್ರ ಲಘುವಾಗಿ ತಗೋಬೇಡಿ. ಏರಿನಲ್ಲಿ ಬ್ರೇಕ್ ಹಿಡಿಯದೆ ಎಕ್ಸಲರೇಟರ್ ಸ್ವಲ್ಪ ಸ್ವಲ್ಪ ಒತ್ತಿ ಗಾಡಿ ನಿಲ್ಲಿಸಿಕೊಳ್ಳುತ್ತೀರಾ? ಟಾರ್ಕ್ ಕನ್ವರ್ಟರ್ ಓಡಿಸಿ ಅಭ್ಯಾಸ ಇದ್ದವರು ಹಾಗೆ ಮಾಡುತ್ತಾರೆ. ಎಎಂಟಿಯಲ್ಲಿ ಅದು ಕ್ಲಚ್ ಪ್ಲೇಟನ್ನು ಉಜ್ಜಿ ಸುಡುವ ಕೆಲಸ. ನಿಂತರೆ ಬ್ರೇಕ್, ಜಾಸ್ತಿ ಹೊತ್ತಾದರೆ ಎನ್ ಮತ್ತು ಹ್ಯಾಂಡ್‌ಬ್ರೇಕ್. ಇಳಿಯುವಾಗ ಎಂಗೆ (ಮ್ಯಾನ್ಯುಯಲ್) ಹಾಕಿ 2ರಲ್ಲೇ ಇಡಿ. ಇಷ್ಟು ಮಾಡಿಯೂ ಜರ್ಕ್ ಜಾಸ್ತಿ ಇದ್ದರೆ ಸ್ಕ್ಯಾನರ್‌ನಲ್ಲಿ ಕ್ಲಚ್ ಸವೆತ ನೋಡಿಸಿ, ಕ್ಲಚ್ ಕಲಿಕೆ ಮತ್ತೆ ಮಾಡಿಸಿ.

ನಂದಿ ರಸ್ತೆ · ಬುಧವಾರ ರಾತ್ರಿ

ಹೌದು, ಹಾಗೇ ನಿಲ್ಲಿಸಿಕೊಳ್ಳುತ್ತಿದ್ದೆ! ನಮ್ಮ ಯಜಮಾನರ ಗಾಡಿ ಕನ್ವರ್ಟರ್‌ದು, ಅದರಲ್ಲಿ ಕಲಿತಿದ್ದು. ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಕ್ಯಾತ್ಸಂದ್ರದವನು · ಶುಕ್ರವಾರ ಸಂಜೆ

ಸಹಾಯ ಬೇಕು, ಸ್ವಲ್ಪ ಹೆದರಿದ್ದೇನೆ.

ಪಿಸಿವಿ ಪೈಪ್ ಸಿಕ್ಕಿತು. ಮೇಸ್ತ್ರಿ ಹೇಳಿದ ಹಾಗೇ ಮೇಲೆ ನುಣ್ಣಗಿತ್ತು, ಕೆಳಗೆ ಮಡಿಕೆ ಇರುವ ಕಡೆ ಉಗುರು ಹೋಗುವಷ್ಟು ಸೀಳಿತ್ತು. ಬೆರಳಿಂದ ಒತ್ತಿದರೆ ಹಳೇ ಚಪ್ಪಲಿ ರಬ್ಬರ್ ಥರ ಪುಡಿಯಾಗುತ್ತಿತ್ತು. ಹೊಸದು 620 ರೂಪಾಯಿ, ಹಾಕಿದೆ. ಥ್ರಾಟಲ್ ಬಾಡಿ ಬಿಚ್ಚಿ ಥ್ರಾಟಲ್ ಬಾಡಿ ಕ್ಲೀನರ್‌ನಲ್ಲಿ ನಾನೇ ತೊಳೆದೆ. ಬ್ಲೇಡ್ ಹಿಂದೆ ಸುತ್ತಲೂ ಒಲೆ ಮಸಿ ಹಾಗೆ ದಪ್ಪಗೆ ಕಟ್ಟಿತ್ತು, ಬಟ್ಟೆ ಪೂರ್ತಿ ಕಪ್ಪಾಯಿತು. ಅದಕ್ಕೆ ಮೊದಲು ಬ್ಯಾಟರಿ ಮೈನಸ್ ಕೂಡ ಬಿಚ್ಚಿದ್ದೆ.

ಈಗ ಸ್ಟಾರ್ಟ್ ಮಾಡಿದರೆ ಐಡ್ಲಿಂಗ್ 1,500ರಲ್ಲಿ ನಿಂತಿದೆ, ಇಳಿಯುತ್ತಲೇ ಇಲ್ಲ. ಆರ್‌ಗೆ ಹಾಕಿದರೆ ಮೊದಲಿಗಿಂತ ಜೋರಾಗಿ ಒದೆಯುತ್ತದೆ. ಏನಾದರೂ ಹಾಳು ಮಾಡಿಬಿಟ್ಟೆನಾ?

ಗುಬ್ಬಿ ಗೇಟ್ · ಶುಕ್ರವಾರ ಸಂಜೆ

ಹೆದರಬೇಡಿ, ರೀಲರ್ನ್ ಮಾಡಿಲ್ಲ ಅಷ್ಟೇ ಅನ್ನಿಸುತ್ತದೆ. ಮೇಸ್ತ್ರಿ ಬಂದು ಸರಿಯಾಗಿ ಹೇಳುತ್ತಾರೆ. ಅಲ್ಲಿಯವರೆಗೆ ಗೇರ್‌ಗೆ ಹಾಕಬೇಡಿ.

ಕೋಲಾರದ ಮೇಸ್ತ್ರಿ · ಶುಕ್ರವಾರ ರಾತ್ರಿ

ಏನೂ ಹಾಳಾಗಿಲ್ಲ ಸರ್. ಇಷ್ಟು ದಿನ ಮಸಿ ಗಾಳಿಗೆ ಅಡ್ಡ ಇತ್ತು, ಅದಕ್ಕೆ ಕಂಪ್ಯೂಟರ್ ಬ್ಲೇಡನ್ನು ಸ್ವಲ್ಪ ಜಾಸ್ತಿ ತೆರೆದು ಇಟ್ಟುಕೊಳ್ಳಲು ಕಲಿತಿತ್ತು. ಈಗ ಮಸಿ ಹೋಯಿತು, ದಾರಿ ಅಗಲವಾಯಿತು. ಬ್ಲೇಡ್ ಮುಚ್ಚಿದಾಗ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅದು ಹೊಸದಾಗಿ ಕಲಿಯಬೇಕು.

ಇಂಜಿನ್ ತಣ್ಣಗಿರುವಾಗ ಶುರು ಮಾಡಿ. ಎಸಿ, ಲೈಟು, ಟೇಪ್ ಎಲ್ಲ ಆಫ್. ಕೀ ಆನ್ ಮಾಡಿ ಎರಡು ಮೂರು ಸೆಕೆಂಡ್ ಬಿಟ್ಟು ಸ್ಟಾರ್ಟ್ ಮಾಡಿ. ಪಿಯಲ್ಲೇ ಇರಲಿ, ಎಕ್ಸಲರೇಟರ್ ಮುಟ್ಟಲೇಬೇಡಿ. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ, ಆಮೇಲೆ ಇನ್ನೂ ಹತ್ತು ನಿಮಿಷ. ಐಡ್ಲಿಂಗ್ ಪೂರ್ತಿ ಕೆಳಗೆ ಬಂದಿದ್ದರೆ ಮಾತ್ರ ಮುಂದೆ ಹೋಗಿ: ಎಸಿ ಹಾಕಿ ಐದು ನಿಮಿಷ, ಬ್ರೇಕ್ ಒತ್ತಿ ಡಿಯಲ್ಲಿ ಒಂದೆರಡು ನಿಮಿಷ. ಕೆಲವು ಗಾಡಿಗೆ ಇಷ್ಟು ಸಾಕು, ಕೆಲವಕ್ಕೆ ಸ್ಕ್ಯಾನರ್‌ನಲ್ಲೇ ಮಾಡಬೇಕು. ಇಳಿಯದೇ ಇದ್ದರೆ ಅಂತರಸನಹಳ್ಳಿಯವರ ಹತ್ತಿರ ಹೋಗಿ, ಐದು ನಿಮಿಷದ ಕೆಲಸ.

ಬ್ಯಾಟರಿ ಬಿಚ್ಚಿದ್ದರಿಂದ ಗೇರ್‌ಬಾಕ್ಸ್ ಕಲಿತದ್ದೂ ಅಳಿಸಿಹೋಗಿರಬಹುದು. ಮೊದಲ 100 ಕಿಮೀ ಗೇರ್ ಹಿಂದೆ ಮುಂದೆ ಆದರೆ ಗಾಬರಿ ಬೇಡ. ಹಗುರವಾಗಿ, ಒಂದೇ ಸಮನೆ ಓಡಿಸಿ.

ಎಲ್ಲರಿಗೂ ಹೇಳುವುದು: ಕೀ ಆನ್ ಇದ್ದಾಗ ಆ ಬ್ಲೇಡ್‌ಗೆ ಬೆರಳು ಹಾಕಬೇಡಿ. ಮೋಟಾರ್ ತಟ್ಟನೆ ಮುಚ್ಚಿದರೆ ಬೆರಳಿಗೂ ಪೆಟ್ಟು, ಒಳಗಿನ ಪ್ಲಾಸ್ಟಿಕ್ ಗೇರಿಗೂ ಪೆಟ್ಟು. ಅದೇ ಕ್ಲೀನರ್ ಮ್ಯಾಫ್ ಸೆನ್ಸರ್‌ಗೆ ಹೊಡೆಯಬೇಡಿ, ಅದಕ್ಕೆ ಬೇರೆ ಸಿಗುತ್ತದೆ.

ಮುಳಬಾಗಿಲು ಕಡೆಯವನು · ಶನಿವಾರ ಬೆಳಿಗ್ಗೆ

ಮೇಸ್ತ್ರಿ, ನನ್ನದು ಐಡ್ಲಿಂಗ್ ಚೆನ್ನಾಗಿದೆ. ಹೈವೇ 75ರಲ್ಲಿ 60–70 ಸ್ಪೀಡಿನಲ್ಲಿ ಹೋಗುವಾಗ, ಹಗುರವಾಗಿ ಎಕ್ಸಲರೇಟರ್ ಕೊಟ್ಟರೆ ಗಡಗಡ ಅನ್ನುತ್ತದೆ, ಉಬ್ಬುಗೆರೆ ಮೇಲೆ ಹೋದ ಹಾಗೆ. ಕನ್ವರ್ಟರ್ ಬದಲಾಯಿಸಬೇಕು ಅಂತಾರೆ.

ಕೋಲಾರದ ಮೇಸ್ತ್ರಿ · ಶನಿವಾರ ಮಧ್ಯಾಹ್ನ

ಗಡಗಡ ಬರುವಾಗ ಎಕ್ಸಲರೇಟರ್ ಹಾಗೇ ಹಿಡಿದು ಎಡಗಾಲಿನಲ್ಲಿ ಬ್ರೇಕನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ. ಬ್ರೇಕ್ ಮುಟ್ಟಿದರೆ ಕನ್ವರ್ಟರ್ ಲಾಕ್ (ಇಂಜಿನ್ನನ್ನು ಗೇರ್‌ಬಾಕ್ಸ್‌ಗೆ ನೇರವಾಗಿ ಹಿಡಿಸುವ ಕ್ಲಚ್) ಬಿಡುತ್ತದೆ. ಗಡಗಡ ಆಗ ನಿಂತರೆ ಕನ್ವರ್ಟರ್ ಲಾಕಪ್, ಮೊದಲು ಆಯಿಲ್ ಬದಲಾಯಿಸಿ ನೋಡಬೇಕು. ನಿಲ್ಲದಿದ್ದರೆ ಇಂಜಿನ್ ಮಿಸ್ಸಿಂಗ್, ಪ್ಲಗ್ಗೋ ಕಾಯಿಲೋ.

ಮುಳಬಾಗಿಲು ಕಡೆಯವನು · ಭಾನುವಾರ ರಾತ್ರಿ

ನಿಲ್ಲಲಿಲ್ಲ ಅಣ್ಣ. ಸ್ಕ್ಯಾನ್ ಮಾಡಿದರೆ ಪಿ0303, ಅಂದರೆ 3ನೇ ಸಿಲಿಂಡರ್ ಮಿಸ್ಸಿಂಗ್. 3ನೇ ಸಿಲಿಂಡರ್ ಕಾಯಿಲ್ 1ನೇದಕ್ಕೆ ಹಾಕಿ ಓಡಿಸಿದೆ, ಈಗ ಪಿ0301 ಬಂತು. ಕಾಯಿಲೇ. ನಾಳೆ ತರುತ್ತೇನೆ. ಕನ್ವರ್ಟರ್‌ಗೆ 60,000 ಹೇಳಿದ್ದರು.

ಕ್ಯಾತ್ಸಂದ್ರದವನು · ಭಾನುವಾರ ರಾತ್ರಿ

ಐಡ್ಲಿಂಗ್ ಕೂತಿತು! ಎರಡನೇ ಸಲ ಫ್ಯಾನ್ ತಿರುಗಿ ನಿಂತ ಮೇಲೆ 1,500ರಿಂದ ನಿಧಾನವಾಗಿ ಇಳಿದು 720ರಲ್ಲಿ ನಿಂತಿದೆ. ಡಿಯಲ್ಲಿ 680. ಡ್ಯಾಶ್‌ಬೋರ್ಡ್ ಮೇಲೆ ನೀರಿನ ಲೋಟ ಇಟ್ಟು ನೋಡಿದೆ, ನೀರು ಸ್ವಲ್ಪವೇ ಅಲುಗಾಡುತ್ತಿತ್ತು. ಮುಂದಿನ ಮೌಂಟಿಂಗ್ ನಿನ್ನೆ ಹಾಕಿಸಿದೆ, ಮೌಂಟಿಂಗ್ 4,800, ಕೂಲಿ 1,200. ಆರ್‌ಗೆ ಹಾಕಿದರೆ ಈಗ ಧಡ್ ಇಲ್ಲ, ಹಿಡಿದದ್ದು ಗೊತ್ತಾಗುತ್ತದೆ ಅಷ್ಟೇ. 1ರಿಂದ 2ರ ಜರ್ಕ್ ಮುಕ್ಕಾಲು ಹೋಗಿದೆ. ಆದರೆ ಇನ್ನೂ ಬಿಸಿಯಾದ ಮೇಲೆ 2ರಿಂದ 3ಕ್ಕೆ ಒಂದು ಸಣ್ಣ ತಳ್ಳು ಇದೆ.

ಗೇರ್ ಆಯಿಲ್ ನೋಡೋಣ ಅಂತ ಡಿಪ್‌ಸ್ಟಿಕ್ ಎಳೆದೆ. ಕಾಫಿ ಡಿಕಾಕ್ಷನ್ ಬಣ್ಣ. ಸುಟ್ಟ ವಾಸನೆ ಇಲ್ಲ. ಬದಲಾಯಿಸಬಹುದಾ? ಹಳೇ ಆಯಿಲ್ ತೆಗೆದರೆ ಗೇರ್‌ಬಾಕ್ಸ್ ಜಾರಲು ಶುರುವಾಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ.

ಕೋಲಾರದ ಮೇಸ್ತ್ರಿ · ಸೋಮವಾರ ರಾತ್ರಿ

ಆ ಮಾತು ಎಲ್ಲಿಂದ ಬಂತು ಹೇಳುತ್ತೇನೆ. ಗೇರ್‌ಬಾಕ್ಸ್ ಆಗಲೇ ಜಾರಲು ಶುರುವಾದ ಮೇಲೆ ಜನ ಆಯಿಲ್ ಬದಲಾಯಿಸುತ್ತಾರೆ, ಆಮೇಲೆ ನಿಂತುಹೋಗುತ್ತದೆ, ಆಗ ಹೊಸ ಆಯಿಲನ್ನು ಬೈಯುತ್ತಾರೆ. ನಿಮ್ಮದು ಜಾರುತ್ತಿಲ್ಲ, ವಾಸನೆ ಇಲ್ಲ. ಧೈರ್ಯವಾಗಿ ಬದಲಾಯಿಸಿ. ಬಣ್ಣ ರೋಸ್ ಮಿಲ್ಕ್ ಥರ ಇದ್ದಿದ್ದರೆ ಬೇರೆ ಮಾತು, ಅದು ರೇಡಿಯೇಟರ್ ನೀರು ಸೇರಿದ ಗುರುತು, ಒಂದು ಕಿಲೋಮೀಟರ್ ಕೂಡ ಓಡಿಸಬಾರದು.

ಮೆಷಿನ್ ಹಾಕಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ. 94,000 ಮುಟ್ಟದೆ ಇರುವ ಬಾಕ್ಸ್‌ಗೆ ಅದು ನನಗೆ ಒಪ್ಪಿಗೆ ಇಲ್ಲ. ಸುಮ್ನೆ ಬೋಲ್ಟ್ ಬಿಚ್ಚಿ ಸುರಿಸಿ, ಎಷ್ಟು ಬಂತೋ ಅಷ್ಟೇ ಅಳೆದು ಹಾಕಿ. ಪೂರ್ತಿ ಬರಲ್ಲ, ಕನ್ವರ್ಟರ್ ಒಳಗೆ ಅರ್ಧಕ್ಕಿಂತ ಜಾಸ್ತಿ ಉಳಿದುಕೊಳ್ಳುತ್ತದೆ. ನಿಮ್ಮ ಬಾಕ್ಸ್ ಒಟ್ಟು 6.5 ಲೀಟರ್ ಇದ್ದು 2.7 ಬಂದರೆ, ಒಂದು ಸಲಕ್ಕೆ ಹೊಸದು ನೂರಕ್ಕೆ 42, ಎರಡು ಸಲಕ್ಕೆ 66, ಮೂರು ಸಲಕ್ಕೆ 80. ಮಧ್ಯೆ 500–1,000 ಕಿಮೀ ಓಡಿಸಿ.

ಆಯಿಲ್ ಹಾಕುವ ಬೋಲ್ಟ್ ಮೊದಲು ಸಡಿಲ ಮಾಡಿ ನೋಡಿ, ಆಮೇಲೆ ಸುರಿಸುವ ಬೋಲ್ಟ್. ಎಲ್ಲ ಸುರಿಸಿ ಆದ ಮೇಲೆ ಹಾಕುವ ಬೋಲ್ಟ್ ಬಿಚ್ಚದೆ ಕೂತರೆ ಗಾಡಿ ಅಲ್ಲೇ ನಿಲ್ಲುತ್ತದೆ. ವಾಷರ್ ಹೊಸದು ಹಾಕಿ. ಆಯಿಲ್ ಮಾತ್ರ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಗ್ರೇಡೇ ಆಗಬೇಕು. ಬೇರೆ ಜಾತಿಯ ಆಟೋಮ್ಯಾಟಿಕ್‌ಗಳಾದ ಸಿವಿಟಿಯದು, ಡಿಸಿಟಿಯದು, 'ಎಲ್ಲದಕ್ಕೂ ಆಗುತ್ತೆ' ಅನ್ನುವುದು ಬೇಡ. ಲೆವೆಲ್ ನೋಡುವ ವಿಧಾನವೂ ಗಾಡಿಗೊಂದು ಥರ, ಕೆಲವದರಲ್ಲಿ ಇಂಜಿನ್ ಓಡುತ್ತಿರಬೇಕು, ಕೆಲವದರಲ್ಲಿ ಆಫ್ ಮಾಡಿ ನೋಡಬೇಕು. ಮ್ಯಾನ್ಯುಯಲ್ ತೆಗೆದು ಓದಿ.

ಬೋಲ್ಟ್ ತುದಿಯಲ್ಲಿ ಮ್ಯಾಗ್ನೆಟ್ ಇರುತ್ತದೆ. ಅದರ ಮೇಲೆ ಕಾಡಿಗೆ ಥರ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಸೂಜಿ ಚೂರು, ಹೊಳೆಯುವ ಚಕ್ಕೆ ಇದ್ದರೆ ನನಗೆ ಫೋಟೋ ಕಳಿಸಿ.

ಕ್ಯಾತ್ಸಂದ್ರದವನು · ಮೂರು ವಾರದ ನಂತರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎರಡು ಸಲ ಆಯಿಲ್ ಬದಲಾಯಿಸಿದೆ, ಮಧ್ಯೆ 700 ಕಿಮೀ ಓಡಿಸಿದೆ. ಎರಡು ಸಲವೂ ಬಂದದ್ದು ಸರಿಯಾಗಿ 2.7 ಲೀಟರ್. ಮೊದಲನೇ ಸಲ ಮ್ಯಾಗ್ನೆಟ್ ಮೇಲೆ ಕಡಲೆಕಾಳಿನಷ್ಟು ಕಪ್ಪು ಪೇಸ್ಟ್, ಬೆರಳಿನಲ್ಲಿ ಉಜ್ಜಿದರೆ ನಿಜವಾಗಿ ಕಾಡಿಗೆಯೇ. ಎರಡನೇ ಸಲ ಬರೀ ಒಂದು ತೆಳು ಪದರ. ಎರಡನೇ ಆಯಿಲ್ ಬಿಳಿ ಕಾಗದದ ಮೇಲೆ ಬಿಟ್ಟು ನೋಡಿದೆ, ಕೆಂಪು ಕಾಣಲು ಶುರುವಾಗಿದೆ, ಅಂಚಿನಲ್ಲಿ ಮಾತ್ರ ಕಂದು.

ಭಾನುವಾರ ಅಮ್ಮನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೋಗಿ ಬಂದೆ. ಏರಿನಲ್ಲಿ 3ರಿಂದ 2ಕ್ಕೆ ಇಳಿದದ್ದು ಗೊತ್ತೇ ಆಗಲಿಲ್ಲ. ಇಳಿಯುವಾಗ 2ರಲ್ಲೇ ಇಟ್ಟುಕೊಂಡು ಬಂದೆ, ಬ್ರೇಕ್ ಮುಟ್ಟಿದ್ದೇ ಕಡಿಮೆ. ಭೋಗನರಸಿಂಹನ ಗುಡಿ ಹತ್ತಿರ ಗಾಡಿ ನಿಲ್ಲಿಸಿದಾಗ ಅಮ್ಮ "ಇಂಜಿನ್ ಆಫ್ ಮಾಡಿದ್ದೀಯಾ?" ಅಂತ ಕೇಳಿದರು. ಆಫ್ ಮಾಡಿರಲಿಲ್ಲ.

ಟ್ರಿಮ್ ಈಗ ಐಡ್ಲಿಂಗ್‌ನಲ್ಲಿ +5, 2,500ರಲ್ಲಿ +4. ಪಿ0171 ವಾಪಸ್ ಬಂದಿಲ್ಲ. ಖರ್ಚು ಕ್ಲೀನರ್ 350, ಪೈಪ್, ಮೌಂಟಿಂಗ್, ಕೂಲಿ, ಸ್ಕ್ಯಾನ್, ಎರಡು ಸಲದ ಆಯಿಲ್ 5,700 ಎಲ್ಲ ಸೇರಿ 13,570. 2ರಿಂದ 3ರ ಆ ತಳ್ಳು ಬೆಳಿಗ್ಗೆ ಮೊದಲ ಒಂದು ಕಿಲೋಮೀಟರ್‌ನಲ್ಲಿ ಮಾತ್ರ ಚೂರು ಉಳಿದಿದೆ, ಬಿಸಿಯಾದ ಮೇಲೆ ಇಲ್ಲ. ಮೂರನೇ ಸಲ ಆಯಿಲ್ ಈಗಲೇ ಮಾಡಲಾ, ಇನ್ನೂ ಓಡಿಸಲಾ?

ಕೋಲಾರದ ಮೇಸ್ತ್ರಿ · ಅದೇ ರಾತ್ರಿ

ಇನ್ನೂ 1,000 ಓಡಿಸಿ, ಆಮೇಲೆ ಮಾಡಿ. ತಣ್ಣಗಿರುವಾಗ ಆಯಿಲ್ ಗಟ್ಟಿ ಇರುತ್ತದೆ, ಅಷ್ಟು ತಳ್ಳು ಹಳೇ ಬಾಕ್ಸ್‌ನಲ್ಲಿ ಇರುತ್ತದೆ. ಮೊದಲ ಒಂದು ಕಿಲೋಮೀಟರ್ ಆರ್‌ಪಿಎಂ 2,000 ದಾಟಿಸಬೇಡಿ. ಹಿಂದಿನ ಮೌಂಟಿಂಗ್ ಕೂಡ ಆಗ ಒಂದು ಸಲ ಟಾರ್ಚ್ ಬಿಟ್ಟು ನೋಡಿಸಿ, ಮುಂದಿನದು ಸತ್ತಿದ್ದಾಗ ಭಾರ ಎಲ್ಲ ಅದೇ ಹೊತ್ತಿರುತ್ತದೆ. ಅಮ್ಮನಿಗೆ ನಮಸ್ಕಾರ ಹೇಳಿ.